ಸಲೀಸಾಗಿ ಕೂತ ನಟ್, ಬಿಚ್ಚಲು ಒಪ್ಪದ ನಟ್

ಅದು ರಾತ್ರಿ ಪಾಳಿ. 9 5/8 ಇಂಚಿನ ಕೇಸಿಂಗ್ ಪೈಪ್ ಆಗಲೇ ತೈಲಬಾವಿಯ ತಳ ಮುಟ್ಟಿತ್ತು. ರಿಗ್‌ನ ಪಂಪ್ ಡ್ರಿಲ್ಲಿಂಗ್ ಮಡ್ಡನ್ನು, ಅಂದರೆ ಕೊರೆಯುವಾಗ ಬಳಸುವ ಕೆಸರಿನಂಥ ದ್ರವವನ್ನು, ಸುತ್ತಿಸುತ್ತಾ ಬಾವಿಯನ್ನು ಹದಕ್ಕೆ ತರುತ್ತಿತ್ತು. ಅದು ನಿಂತ ಕೂಡಲೇ ಕೆಲಸ ನಮ್ಮ, ಅಂದರೆ ಸಿಮೆಂಟ್ ತಂಡದ, ಕೈಗೆ ಬರುತ್ತದೆ. ಅಷ್ಟರಲ್ಲಿ ಸಿಮೆಂಟ್ ಪಂಪ್‌ನಿಂದ ರಿಗ್ ಫ್ಲೋರ್‌ವರೆಗೆ ಲೈನ್ ಜೋಡಿಸಿ ಮುಗಿಸಬೇಕಿತ್ತು. ಒಂದು ಪೈಪ್ ತುಂಡು ಕಡಿಮೆ ಬಿತ್ತು. ಪಕ್ಕದ ರ‍್ಯಾಕ್‌ನಲ್ಲಿ ಯಾರದೋ ಒಂದು ತುಂಡು ಬಿದ್ದಿತ್ತು. ಎರಡು ಇಂಚು, ಅದೇ ಉದ್ದ, ಅದೇ ಬಣ್ಣ. ತಂದು ಜೋಡಿಸಿದೆ. ನಟ್ ಎಷ್ಟು ಸಲೀಸಾಗಿ ಕೂತಿತೆಂದರೆ, ಮೊದಲು ಖುಷಿಯಾಯಿತು. ಆಮೇಲೆ ಅನುಮಾನ ಬಂತು.

ನಮ್ಮ ನಟ್‌ಗಳು ಅಷ್ಟು ಒಳ್ಳೆಯವಲ್ಲ. ಒಣಗಿದ ಸಿಮೆಂಟ್, ಹಳೇ ಗ್ರೀಸ್, ಸುತ್ತಿಗೆ ಏಟಿನ ಗಾಯ ಎಲ್ಲ ಇರುತ್ತವೆ. ಮೊದಲ ಎರಡು ಸುತ್ತು ಬೈದುಕೊಂಡೇ ಹಾಕಬೇಕು. ಇದು ಮಾತ್ರ ಅಣ್ಣನ ಚಪ್ಪಲಿ ಹಾಕಿಕೊಂಡ ಮಗುವಿನ ಕಾಲಿನ ಹಾಗೆ, ಸುತ್ತಿದ ಮೇಲೂ ಅತ್ತಿತ್ತ ಅಲ್ಲಾಡುತ್ತಿತ್ತು. ನಟ್ ಮೇಲಿನ ಅಂಕಿಯನ್ನು ಉಜ್ಜಿ ನೋಡಿದೆ. ಮೂರು ಪದರ ಪೇಂಟ್‌ನ ಕೆಳಗೆ 602 ಅಂತ ಇತ್ತು. ನಮ್ಮ ಲೈನೆಲ್ಲ 1502.

ಈ ಕೆಲಸದಲ್ಲಿ ಇಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಾವಿಗೆ ಇಳಿಸಿದ ಕೇಸಿಂಗ್ ಪೈಪಿನ ಹೊರಮೈಗೂ ಬಂಡೆಗೂ ನಡುವೆ ಇರುವ ಸಂದಿಗೆ ಸಿಮೆಂಟ್ ತುಂಬಬೇಕು. ನೀರಿನಲ್ಲಿ ಕಲಸಿದ ಸಿಮೆಂಟನ್ನು, ಅಂದರೆ ಸ್ಲರಿಯನ್ನು, ಕೇಸಿಂಗ್ ಒಳಗಿನಿಂದ ತಳ್ಳಿ, ತಳದಿಂದ ತಿರುಗಿಸಿ, ಹೊರಗಿನ ಸಂದಿಯಲ್ಲಿ ಮೇಲಕ್ಕೆ ತರುತ್ತೇವೆ. ಮೊದಲು ಸ್ಪೇಸರ್ (ಮಡ್ಡೂ ಸಿಮೆಂಟೂ ಬೆರೆಯದಂತೆ ನಡುವೆ ಬಿಡುವ ದ್ರವ), ಆಮೇಲೆ ಹಗುರ ಸ್ಲರಿ, ಅದರ ಹಿಂದೆ ಭಾರದ ಸ್ಲರಿ, ಕೊನೆಗೆ ಎಲ್ಲವನ್ನೂ ತಳ್ಳಲು ಮಡ್. ಇಷ್ಟೂ ದ್ರವ ಹೋಗುವುದು ಒಂದೇ ಒಂದು ಎರಡು ಇಂಚಿನ ದಾರಿಯಲ್ಲಿ. ಆ ದಾರಿಯನ್ನು ತುಂಡು ತುಂಡಾಗಿ ಪ್ರತಿ ಬಾವಿಯಲ್ಲೂ ಹೊಸದಾಗಿ ಕಟ್ಟುತ್ತೇವೆ, ಕೆಲಸ ಮುಗಿದ ಮೇಲೆ ಬಿಚ್ಚುತ್ತೇವೆ. ನಾವು ಅದನ್ನು ಐರನ್ ಅಂತಲೇ ಕರೆಯುತ್ತೇವೆ.

ತುಂಡು ತುಂಡನ್ನು ಕೂಡಿಸುವುದು ಹ್ಯಾಮರ್ ಯೂನಿಯನ್. ಒಂದು ಕಡೆ ಹೊರಮೈಗೆ ಥ್ರೆಡ್ ಇರುವ ಬಾಯಿ, ಅದರೊಳಗೆ ಒಂದು ರಬ್ಬರ್ ಸೀಲ್. ಇನ್ನೊಂದು ಕಡೆ ಮೂತಿ, ಅದರ ಹಿಂದೆ ಮೂರು ಕಿವಿಯ ದೊಡ್ಡ ನಟ್. ಮೂತಿಯನ್ನು ಬಾಯಿಗಿಟ್ಟು, ನಟ್ ಸುತ್ತಿ, ಕಿವಿಗೆ ಸುತ್ತಿಗೆಯಿಂದ ಹೊಡೆದರೆ ಮುಗಿಯಿತು. ಸ್ಪ್ಯಾನರ್ ಬೇಡ, ಅಳತೆ ಬೇಡ. ಕೆಸರಲ್ಲಿ, ಕತ್ತಲಲ್ಲಿ, ಗ್ಲವ್ಸ್ ಹಾಕಿಕೊಂಡೇ ಜೋಡಿಸಬಹುದು. ಇದರ ದೊಡ್ಡ ಗುಣ ಅದೇ, ದೊಡ್ಡ ಅಪಾಯವೂ ಅದೇ.

ಯೂನಿಯನ್‌ಗಳಿಗೆ ಫಿಗರ್ ನಂಬರ್ ಇರುತ್ತದೆ. 602 ಅಂದರೆ 6,000 ಪಿಎಸ್ಐ (ಒಂದು ಚದರ ಇಂಚಿನ ಮೇಲೆ ಇಷ್ಟು ಪೌಂಡ್ ಒತ್ತಡ) ತನಕ. 1002 ಅಂದರೆ 10,000. 1502 ಅಂದರೆ 15,000. ಎರಡು ಇಂಚಿನ ಅಳತೆಯಲ್ಲಿ ಒಂದು ಕೆಟ್ಟ ಕಾಕತಾಳೀಯ ಇದೆ. 602 ಅಥವಾ 1002ರ ನಟ್ಟು 1502ರ ಥ್ರೆಡ್ ಮೇಲೆ ಸುತ್ತಿಕೊಳ್ಳುತ್ತದೆ. ಪೂರ್ತಿ ಹಿಡಿಯುವುದಿಲ್ಲ, ಥ್ರೆಡ್‌ಗಳ ತುದಿ ತುದಿ ಮಾತ್ರ ಕಚ್ಚಿಕೊಳ್ಳುತ್ತದೆ. ಸುತ್ತಿಗೆ ಏಟಿಗೆ ಬಿಗಿಯಾದಂತೆಯೂ ಅನಿಸುತ್ತದೆ. ಒತ್ತಡದ ಪರೀಕ್ಷೆಯಲ್ಲೂ ಒಮ್ಮೊಮ್ಮೆ ತಡೆದುಕೊಳ್ಳುತ್ತದೆ. ಆಮೇಲೆ ಕೆಲಸದ ನಡುವೆ ಬಿಟ್ಟುಕೊಳ್ಳುತ್ತದೆ. ಈ ಜೋಡಿಯಿಂದ ಜನ ಸತ್ತಿದ್ದಾರೆ.

ಲೆಕ್ಕ ಹಾಕಿ ನೋಡಿ. ಎರಡು ಇಂಚಿನ ರಂಧ್ರದ ವಿಸ್ತೀರ್ಣ ಸುಮಾರು 3.14 ಚದರ ಇಂಚು. 5,000 ಪಿಎಸ್ಐ ಒತ್ತಡಕ್ಕೆ ಆ ಜೋಡಿಯನ್ನು ಬಿಡಿಸಲು ಎಳೆಯುವ ಬಲ ಕಡಿಮೆ ಅಂದರೂ 7 ಟನ್. ಥ್ರೆಡ್ ತುದಿಗಳ ಮೇಲೆ 7 ಟನ್!

ಆ ತುಂಡನ್ನು ಬಿಚ್ಚಿ ಎತ್ತಿಟ್ಟೆ. ಗೋ-ನೋಗೋ ಗೇಜ್ ತರಿಸಿ ಲೈನಿನ ಪ್ರತಿ ನಟ್ಟನ್ನೂ ನೋಡಿದೆವು. ಅದೊಂದು ಬರೀ ಕಬ್ಬಿಣದ ತುಂಡು. 1502ರ ನಟ್ ಒಳಗೆ ಅದು ಹೋಗಬಾರದು. ಹೋಯಿತೆಂದರೆ ನಟ್ ಬೇರೆ ಜಾತಿಯದ್ದು. ಕೆಲಸ ಮುಕ್ಕಾಲು ಗಂಟೆ ತಡವಾಯಿತು, ಬೈಸಿಕೊಂಡೆ. ಅವತ್ತಿನಿಂದ ಗೇಜ್ ನನ್ನ ಬೆಲ್ಟಿನಲ್ಲೇ ಇರುತ್ತದೆ. ಬಣ್ಣ ನೋಡಿ ನಂಬುವುದನ್ನು ಬಿಟ್ಟೆ. ಪೇಂಟ್ ಬಳಿಯುವವನಿಗೆ ಫಿಗರ್ ನಂಬರಿನ ಚಿಂತೆ ಇರುವುದಿಲ್ಲ, ಅಲ್ವಾ?

ಲೈನ್ ಹಾಸುವಾಗ ಹೊಸಬರು ಮಾಡುವ ತಪ್ಪು ಒಂದೇ. ನೆಟ್ಟಗೆ ಹಾಕುತ್ತಾರೆ. ನೋಡಲು ಚೆಂದ. ಆದರೆ ಮೂರು ಪ್ಲಂಜರಿನ ನಮ್ಮ ಟ್ರಿಪ್ಲೆಕ್ಸ್ ಪಂಪ್ ನಡುಗುತ್ತದೆ, ಒತ್ತಡ ಬಂದಾಗ ಲೈನ್ ಹಿಗ್ಗಲು ನೋಡುತ್ತದೆ. ನೆಟ್ಟಗಿರುವ ಪೈಪಿಗೆ ಹೋಗಲು ಜಾಗ ಇಲ್ಲ. ಆ ನಡುಕವೆಲ್ಲ ಜೋಡಿಯ ಕತ್ತಿಗೆ ಬೀಳುತ್ತದೆ. ಅದಕ್ಕೇ ನಡುನಡುವೆ ಚಿಕ್ಸನ್ ಹಾಕುತ್ತೇವೆ. ಚಿಕ್ಸನ್ ಅಂದರೆ ಸ್ವಿವೆಲ್, ಒಳಗೆ ಬಾಲ್ ಬೇರಿಂಗ್ ಇರುವ ತಿರುಗುವ ಮೊಣಕೈ. ಮೊದಲು ಒಂದು ಕಂಪನಿಯ ಹೆಸರಾಗಿತ್ತು, ಈಗ ಯಾವ ಕಂಪನಿಯದ್ದಾದರೂ ಎಲ್ಲರ ಬಾಯಲ್ಲೂ ಅದೇ. ಲೈನ್ ಮೇಲೇರುವ ಕಡೆ, ತಿರುಗುವ ಕಡೆ, ಪಂಪ್ ಹತ್ತಿರ ಇವು ಬೇಕು. ಜೋಡಿಸುವ ಮುಂಚೆ ಪ್ರತಿ ಚಿಕ್ಸನ್ ಕೈಯಲ್ಲಿ ತಿರುಗುತ್ತದಾ ಅಂತ ನೋಡುತ್ತೇನೆ. ಸಿಮೆಂಟ್ ಹೊಕ್ಕು ಬಿಗಿದುಕೊಂಡ ಚಿಕ್ಸನ್ ಬರೀ ದುಬಾರಿ ಬಗ್ಗಿದ ಪೈಪು.

ಸೀಲ್ ವಿಷಯದಲ್ಲಿ ನಾನು ಸ್ವಲ್ಪ ಅತಿ ಮಾಡುತ್ತೇನೆ. ಹೊಡೆಯುವ ಮುಂಚೆ ಪ್ರತಿ ಬಾಯಿಯೊಳಗೆ ಬೆರಳು ಹಾಕಿ ಸವರುತ್ತೇನೆ. ಒಂದು ಕಡೆ ಸೀಳಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ಕೆಲವು ಸಲ ಸೀಲೇ ಇರುವುದಿಲ್ಲ, ಕಳೆದ ಕೆಲಸದಲ್ಲಿ ಬಿಚ್ಚುವಾಗ ಮೂತಿಗೆ ಅಂಟಿಕೊಂಡು ಹೋಗಿರುತ್ತದೆ. ಜೊತೆಗೆ ಪ್ರತಿ ತುಂಡಿಗೂ ಒಂದು ಲೋಹದ ಪಟ್ಟಿ ಕಟ್ಟಿರುತ್ತದೆ. ಸೀರಿಯಲ್ ನಂಬರ್, ಕೊನೆಯ ತಪಾಸಣೆಯ ದಿನಾಂಕ ಅದರಲ್ಲಿರುತ್ತದೆ. ಪಟ್ಟಿ ಇಲ್ಲದ ತುಂಡು ಲೈನಿಗೆ ಬರುವುದಿಲ್ಲ. ಆ ರಾತ್ರಿ ನಾನು ತಂದ ತುಂಡಿಗೂ ಪಟ್ಟಿ ಇರಲಿಲ್ಲ. ಅದನ್ನು ನೋಡಿದ್ದರೆ ನಟ್ಟಿನವರೆಗೆ ಹೋಗಬೇಕಾಗಿಯೇ ಇರಲಿಲ್ಲ.

ಫ್ಲೋರ್ ಮೇಲೆ ಸಿಮೆಂಟ್ ಹೆಡ್ ಕೂರುತ್ತದೆ. ಕೇಸಿಂಗ್‌ನ ತಲೆಗೆ ಹಾಕುವ ಟೋಪಿ ಅಂದುಕೊಳ್ಳಿ. ಒಳಗೆ ಸ್ಲರಿಯ ಹಿಂದೆ ಕೇಸಿಂಗ್‌ನಲ್ಲಿ ಇಳಿಯುವ ರಬ್ಬರ್ ಪ್ಲಗ್ ಇರುತ್ತದೆ, ಪಕ್ಕದಲ್ಲಿ ಪ್ಲಗ್ ವಾಲ್ವ್‌ಗಳ ಗೊಂಚಲು. ಅದು ತಲೆಯ ಮೇಲೆ ಎತ್ತರದಲ್ಲಿರುತ್ತದೆ. ಕೇಸಿಂಗನ್ನು ಮೇಲೆ ಕೆಳಗೆ ಆಡಿಸುತ್ತಾ ಪಂಪ್ ಮಾಡುವುದಾದರೆ ಲೈನ್ ಕೂಡ ಜೊತೆಗೆ ಕುಣಿಯಬೇಕು. ಇಲ್ಲಿ ಚಿಕ್ಸನ್ ಸರಪಳಿಯೋ, ಹೋಸೋ ಅಂತ ಪ್ರತಿ ಸಲ ವಾದ ನಡೆಯುತ್ತದೆ.

ನನ್ನ ಮತ ಹೋಸ್ ಕಡೆಗೆ. ಎಪಿಐ 7ಕೆ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ ಮಾನದಂಡ) ಪ್ರಕಾರ ಮಾಡಿದ ಒಳ್ಳೆಯ ಸಿಮೆಂಟ್ ಹೋಸ್ ಒಂದಿದ್ದರೆ ಆರೇಳು ಜೋಡಿ ಬೇಡವಾಗುತ್ತವೆ. ತಲೆಯ ಮೇಲೆ ತೂಗುವ ಕಬ್ಬಿಣ ಕಡಿಮೆಯಾಗುತ್ತದೆ. ಎತ್ತರದಲ್ಲಿ ಬೆಲ್ಟ್ ಕಟ್ಟಿಕೊಂಡು ಸುತ್ತಿಗೆ ಬೀಸುವುದು ಒಂದೇ ಸಲ. ಆದರೆ ಹೋಸ್‌ಗೆ ಅದರದೇ ಹಟ ಇದೆ. ಹೇಳಿದ್ದಕ್ಕಿಂತ ಜಾಸ್ತಿ ಬಗ್ಗಿಸಿದರೆ ಒಳಗಿನ ತಂತಿ ಪದರ ಹಾಳಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ತಿರುಚುವುದನ್ನಂತೂ ಅದು ಸಹಿಸುವುದಿಲ್ಲ. ನಟ್ ಹೊಡೆಯುವಾಗ ಹೋಸ್ ಸುತ್ತಿಕೊಳ್ಳದಂತೆ ಒಬ್ಬ ಹಿಡಿದಿರಬೇಕು. ಮೈಮೇಲಿನ ಉದ್ದ ಗೆರೆ ಇರುವುದೇ ಅದಕ್ಕೆ, ಗೆರೆ ನೆಟ್ಟಗಿದ್ದರೆ ಹೋಸ್ ತಿರುಚಿಲ್ಲ. ಎರಡೂ ತುದಿಗೆ ಸೇಫ್ಟಿ ಕ್ಲ್ಯಾಂಪ್, ಸರಪಳಿ. ಇನ್ನೊಂದು ಕೊರತೆ: ಕಬ್ಬಿಣದ ಪೈಪಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಳಗೆ ಸಿಮೆಂಟ್ ಕಟ್ಟಿದೆಯಾ ಅಂತ ಸದ್ದಿನಲ್ಲೇ ಗೊತ್ತಾಗುತ್ತದೆ. ಖಾಲಿ ಪೈಪ್ ಗಂಟೆಯಂತೆ ನುಡಿಯುತ್ತದೆ, ಕಟ್ಟಿದ ಪೈಪ್ ಮಂಕಾಗಿ ಡಬ್ ಅನ್ನುತ್ತದೆ. ಹೋಸ್ ಏನೂ ಹೇಳುವುದಿಲ್ಲ.

ಕಡಿಮೆ ಒತ್ತಡದ ಕಡೆ ಯಾರಿಗೂ ಗಮನ ಇರುವುದಿಲ್ಲ. ನೀರು ಎಳೆಯುವ 4 ಇಂಚಿನ ಹೋಸ್‌ಗಳು, ಒಣ ಸಿಮೆಂಟನ್ನು ಗಾಳಿಯಲ್ಲಿ ಊದಿ ತರುವ ಹೋಸ್‌ಗಳು. ಒತ್ತಡದ ಕಡೆ ಸೋರಿದರೆ ನೀರು ಚಿಮ್ಮುತ್ತದೆ, ಕಾಣುತ್ತದೆ. ಎಳೆಯುವ ಕಡೆ ಸೋರಿದರೆ ಹೊರಗೆ ಒಂದು ಹನಿ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒಮ್ಮೆ ಒಂದು ಯೂನಿಯನ್‌ನಲ್ಲಿ ಒ-ರಿಂಗ್ ಇರಲಿಲ್ಲ. ನೀರಿನ ಪಂಪ್ ಕೆಮ್ಮತೊಡಗಿತು. ಸ್ಲರಿಯ ಸಾಂದ್ರತೆ ನೀರಿನ 1.90 ಪಟ್ಟಿನಲ್ಲಿ ನಿಲ್ಲಬೇಕಾದದ್ದು ಏರಿಳಿಯತೊಡಗಿತು. ನಾವು ಮಿಕ್ಸರ್ ವಾಲ್ವ್ ದೂರುತ್ತಾ ಹತ್ತು ನಿಮಿಷ ಕಳೆದೆವು. ಕೊನೆಗೆ ಒಬ್ಬ ಹುಡುಗ ಯೂನಿಯನ್‌ಗೆ ಸೋಪಿನ ನೊರೆ ಹಚ್ಚಿದ. ನೊರೆ ಸರ್ರನೆ ಒಳಗೆ ಹೋಯಿತು.

ಗಾಳಿ ಹೋಸ್‌ಗೆ 30 ಪಿಎಸ್ಐ ಅಂದರೆ ಏನು ಮಹಾ ಅನಿಸುತ್ತದೆ, ಕಾರಿನ ಟಯರಿನಷ್ಟು. ಆದರೆ 5 ಇಂಚಿನ ಹೋಸ್ ಬಾಯಿಗೆ ಅದೇ ಒತ್ತಡ 260 ಕಿಲೋಗೂ ಜಾಸ್ತಿ ಬಲ. ಆದ್ದರಿಂದ ಹೋಸ್ ತುದಿಗಳನ್ನು ಕೂಡಿಸುವ ಕ್ಯಾಮ್‌ಲಾಕ್ ಕಿವಿಗಳಿಗೆ ಪಿನ್ ಹಾಕುವುದು, ಬಿಚ್ಚುವ ಮುಂಚೆ ಟ್ಯಾಂಕಿನ ಗಾಳಿ ಬಿಡುವುದು ತಪ್ಪಬಾರದು.

ಲೈನ್ ಕಟ್ಟಿದ ಮೇಲೆ ಉದ್ದಕ್ಕೂ ಸ್ಲಿಂಗ್ ಕಟ್ಟುತ್ತೇವೆ, ಜೋಡಿ ಬಿಟ್ಟರೂ ಪೈಪ್ ಹಾವಿನಂತೆ ಬೀಸಬಾರದು. ಆಮೇಲೆ ನೀರು ತುಂಬಿ ಗಾಳಿಯನ್ನೆಲ್ಲ ಹೊರಗೆ ಬಿಡುತ್ತೇವೆ. ಗಾಳಿ ಉಳಿದರೆ ಅದು ಸ್ಪ್ರಿಂಗ್‌ನಂತೆ ಬಲ ಕೂಡಿಟ್ಟುಕೊಳ್ಳುತ್ತದೆ. ಹೆಡ್‌ನ ವಾಲ್ವ್ ಮುಚ್ಚಿ, ಜನರನ್ನು ದೂರ ಕಳಿಸಿ, ಮೊದಲು 500 ಪಿಎಸ್ಐ. ಒಂದೆರಡು ನಿಮಿಷ ನಿಂತರೆ ಮೇಲಕ್ಕೆ, ಕೆಲಸದಲ್ಲಿ ಬರಬಹುದಾದ ಅತಿ ಹೆಚ್ಚಿನ ಒತ್ತಡಕ್ಕಿಂತ ಮೇಲೆ. ಒತ್ತಡದ ಗೇಜ್ ಮುಳ್ಳು ನಿಂತಲ್ಲೇ ನಿಲ್ಲಬೇಕು. ಸೋರಿದರೆ ಒತ್ತಡ ಪೂರ್ತಿ ಇಳಿಸಿಯೇ ಬಿಗಿಮಾಡಬೇಕು. ಒತ್ತಡ ಇರುವ ನಟ್‌ಗೆ ಸುತ್ತಿಗೆ ಮುಟ್ಟಿಸುವಂತಿಲ್ಲ.

ಈ ಮಾತನ್ನು ನಾನು ಎರಡನೇ ನಟ್‌ನಿಂದ ಕಲಿತೆ. ಇದು ಮೊದಲಿನ ಕಥೆಗಿಂತ ಹಳೆಯದು, ನಾನಿನ್ನೂ ಹೆಲ್ಪರ್ ಆಗಿದ್ದಾಗಿನದು. ಪರೀಕ್ಷೆ ಮುಗಿದಿತ್ತು. ಫ್ಲೋರ್ ಮೇಲಿನ ಒಂದು ಯೂನಿಯನ್ ಒಂದು ಹನಿ ಸೋರಿತ್ತು, ಸೀಲ್ ಬದಲಿಸು ಅಂದರು. ಪಂಪ್ ಆಪರೇಟರ್ ರೇಡಿಯೋದಲ್ಲಿ ಸೊನ್ನೆ ಅಂದ. ನಾನು ಸುತ್ತಿಗೆ ಎತ್ತಿ ಹೊಡೆದೆ. ನಟ್ ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಹೊಡೆದೆ. ಕದಲಲಿಲ್ಲ. ಮೂರನೇ ಏಟಿಗೆ ಕೈ ಎತ್ತಿದಾಗ ಹಿಂದಿನಿಂದ ಯಾರೋ ಸುತ್ತಿಗೆ ಹಿಡಿದರು. ನಮ್ಮ ಹಳೇ ಸೂಪರ್‌ವೈಸರ್. ಕೈಯಲ್ಲಿ ಸುತ್ತಿದ್ದ ನಟ್, ನಾಲ್ಕು ಏಟಿಗೆ ಕೂತದ್ದು, ಈಗ ಯಾಕೆ ಬರುತ್ತಿಲ್ಲ ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಲೈನ್‌ನಲ್ಲಿ ಒಂದು ಚೆಕ್ ವಾಲ್ವ್ ಇತ್ತು. ಬಾವಿಯಿಂದ ವಾಪಸು ಬರುವುದನ್ನು ತಡೆಯಲು ಅದು ಇರಲೇಬೇಕು. ಪಂಪ್ ಕಡೆ ಒತ್ತಡ ಇಳಿಸಿದಾಗ ಅದು ತನ್ನ ಕೆಲಸ ಮಾಡಿ ಮುಚ್ಚಿಕೊಂಡಿತ್ತು. ಗೇಜ್ ಇದ್ದದ್ದು ಪಂಪ್ ಕಡೆ, ಅಲ್ಲಿ ಸೊನ್ನೆ ನಿಜವೇ. ಚೆಕ್ ವಾಲ್ವ್‌ಗೂ ಹೆಡ್‌ನ ಮುಚ್ಚಿದ ವಾಲ್ವ್‌ಗೂ ನಡುವೆ 5,000 ಪಿಎಸ್ಐ ಹಾಗೇ ಕೂತಿತ್ತು. ನಾನು ನಿಂತದ್ದು ಅದರ ಮುಂದೆ. ಸೂಪರ್‌ವೈಸರ್ ಫ್ಲೋರ್ ಮೇಲಿನ ಒತ್ತಡ ಬಿಡುವ ಬ್ಲೀಡ್ ವಾಲ್ವನ್ನು ಮೆಲ್ಲಗೆ ತೆರೆದರು. ಸೀಟಿಯಂತೆ ಸದ್ದು ಬಂತು. ಅದು ನಿಂತ ಮೇಲೆ ಅದೇ ನಟ್ ಎರಡು ಏಟಿಗೆ ಬಂತು.

ಈಗ ನಾನು ಲೈನ್ ಕಟ್ಟುವಾಗ ಚೆಕ್ ವಾಲ್ವಿನ ಎರಡೂ ಕಡೆ ಒತ್ತಡ ಬಿಡುವ ದಾರಿ ಇದೆಯಾ ಅಂತ ಮೊದಲು ನೋಡುತ್ತೇನೆ. ಎರಡು ವಾಲ್ವ್‌ಗಳ ನಡುವೆ ಎಲ್ಲೆಲ್ಲಿ ಒತ್ತಡ ಸಿಕ್ಕಿಕೊಳ್ಳಬಹುದು ಅಂತ ಕಾಗದದ ಮೇಲೆ ಗೆರೆ ಎಳೆದು ಹುಡುಗರಿಗೆ ತೋರಿಸುತ್ತೇನೆ. ಸೊನ್ನೆ ಅಂದಾಗ, ಯಾವ ಗೇಜಿನ ಸೊನ್ನೆ ಅಂತ ಕೇಳಿ ಅನ್ನುತ್ತೇನೆ.

602 ಸಿಕ್ಕ ರಾತ್ರಿಯ ಕೆಲಸ ಚೆನ್ನಾಗಿ ಮುಗಿಯಿತು. ಪ್ಲಗ್ ಹೋಗಿ ಕೂತಿತು, ಒತ್ತಡ ಏರಿ ನಿಂತಿತು, ಇಳಿಸಿದಾಗ ಸಿಮೆಂಟ್ ವಾಪಸು ಕೇಸಿಂಗ್ ಒಳಗೆ ಬರದಂತೆ ತಳದ ಫ್ಲೋಟ್ ವಾಲ್ವ್ ಹಿಡಿಯಿತು. ಆಮೇಲಿನದು ತೊಳೆಯುವ ಕೆಲಸ. ಬಿಸಿಲೇರುವ ಮುಂಚೆ ಮಾಡಬೇಕು, ಒಳಗೆ ಉಳಿದ ಸಿಮೆಂಟ್ ಯಾರಿಗೂ ಕಾಯುವುದಿಲ್ಲ. ಪ್ರತಿ ತುಂಡಿಗೂ ನೀರು ಹಾಯಿಸಿ, ಥ್ರೆಡ್‌ಗಳಿಗೆ ತಂತಿ ಬ್ರಷ್, ಸೀಲ್ ತೆಗೆದು ನೋಡಿ, ತೆಳುವಾಗಿ ಎಣ್ಣೆ ಹಚ್ಚಿ ಮುಚ್ಚಳ ಹಾಕಿದೆವು. ಆ ಪಟ್ಟಿ ಇಲ್ಲದ ತುಂಡು ಯಾರದೆಂದು ಯಾರೂ ಒಪ್ಪಲಿಲ್ಲ. ವಾಪಸು ರ‍್ಯಾಕ್‌ಗೆ ಇಡಲು ನನಗೆ ಮನಸ್ಸಾಗಲಿಲ್ಲ. ವೆಲ್ಡರ್ ಹತ್ತಿರ ಹೊತ್ತುಕೊಂಡು ಹೋಗಿ, ನಟ್ ಸಮೇತ ಎರಡು ಹೋಳು ಮಾಡಿಸಿದೆ.