ಚೆರ್ನಿಯನ್ನು ಬದಿಗಿಟ್ಟು ಲೂಯಿಸ್ ಫರಾಂಕ್ ಅವರ ಎಟ್ಯೂಡ್‌ಗಳನ್ನು ಕಲಿಸಿದ ನನ್ನ ಅನುಭವ

ಪಿಯಾನೊ ಪಾಠದಲ್ಲಿ ಬೆರಳಿನ ಸಾಧನೆಗೆ ರೂಢಿಯಲ್ಲಿರುವ ಚೆರ್ನಿಯ ಅಭ್ಯಾಸಗಳ ಬದಲು ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಸಂಯೋಜಕಿ ಲೂಯಿಸ್ ಫರಾಂಕ್ ಅವರ ಎಟ್ಯೂಡ್‌ಗಳನ್ನು (ಕೌಶಲ ಬೆಳೆಸುವ ಅಭ್ಯಾಸ ಕೃತಿಗಳನ್ನು) ಕಲಿಸುತ್ತೇನೆಂದಾಗ, ಯಾರೂ ಹೆಸರು ಕೇಳದ ಸಂಯೋಜಕಿಯನ್ನು ನಂಬಿ ಮಕ್ಕಳ ಪರೀಕ್ಷೆ ಕೆಡಿಸಬೇಡಿ ಎಂದು ಪರಿಚಿತ ಶಿಕ್ಷಕರು ಎಚ್ಚರಿಸಿದ್ದರು. ನನ್ನ ಇಬ್ಬರು ವಿದ್ಯಾರ್ಥಿನಿಯರು ಬಾಖ್‌ನ ಮೂರು ದನಿಯ ಫ್ಯೂಗ್ (ಒಂದೇ ರಾಗವನ್ನು ದನಿಗಳು ಒಂದರ ಹಿಂದೊಂದು ಹಿಡಿಯುವ ರಚನೆ) ಅನ್ನು ನಡುದನಿ ಎಲ್ಲೂ ಮಸುಕಾಗದಂತೆ ನುಡಿಸಿದ್ದನ್ನು ಕೇಳಿದ ಮೇಲೆ, ಆ ಶಿಕ್ಷಕರೇ ನನ್ನ ಬಳಿಯಿದ್ದ ಪುಟಗಳ ನಕಲು ಕೇಳಿ ಪಡೆದರು.

ಈ ಹಾದಿಯನ್ನು ನಾನು ಫರಾಂಕ್ ಅವರ ಬದುಕಿನಿಂದಲೇ ಹೆಕ್ಕಿಕೊಂಡೆ. 1804ರಲ್ಲಿ ಪ್ಯಾರಿಸಿನ ಶಿಲ್ಪಿಗಳ ಮನೆತನದಲ್ಲಿ ಹುಟ್ಟಿದ ಅವರು ಹೆಸರಾಂತ ಪಿಯಾನೊ ವಾದಕ ಕ್ಲೆಮೆಂಟಿಯ ಶಿಷ್ಯೆ ಸೆಸಿಲ್ ಸೋರಿಯಾ ಅವರಲ್ಲಿ ಪಿಯಾನೊ ಕಲಿತರು. ಪ್ಯಾರಿಸಿನ ಸಂಗೀತ ಶಾಲೆಯಾದ ಕನ್ಸರ್ವೇಟರಿಯ ಸಂಯೋಜನಾ ತರಗತಿಗೆ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲದ ಕಾರಣ, ಹದಿನೈದರ ಹರೆಯದಲ್ಲಿ ಅಲ್ಲಿನ ಅಧ್ಯಾಪಕ ಆಂಟನ್ ರೈಖಾ ಅವರ ಬಳಿ ಖಾಸಗಿಯಾಗಿ ಪಾಠಕ್ಕೆ ಸೇರಿದರು. ಬೆರಳಿನ ಸಾಧನೆ, ಕೌಂಟರ್‌ಪಾಯಿಂಟ್ (ಹಲವು ರಾಗಗಳನ್ನು ಒಟ್ಟಿಗೆ ಹೆಣೆಯುವ ಕಲೆ) ಎರಡೂ ಒಂದೇ ಕೈಯಲ್ಲಿ ಬೆಳೆದದ್ದು ಎಲ್ಲ ಮೇಜರ್, ಮೈನರ್ ಕೀಗಳಲ್ಲಿರುವ ಓಪಸ್ (ಕೃತಿ ಸಂಖ್ಯೆ) 26ರ 30 ಎಟ್ಯೂಡ್‌ಗಳಲ್ಲಿ ಎದ್ದು ಕಾಣುತ್ತದೆ. ಕನ್ಸರ್ವೇಟರಿಯೇ 1845ರಲ್ಲಿ ಅವನ್ನು ಪಿಯಾನೊ ತರಗತಿಗಳಿಗೆ ಅಳವಡಿಸಿಕೊಂಡಿತು.

ಮೊದಲ ವರ್ಷ ನೇರವಾಗಿ ಓಪಸ್ 26ಕ್ಕೆ ಕೈಹಾಕಿಸಿದ ಪ್ರಯೋಗ ಫಲಿಸಲಿಲ್ಲ. ನಾಲ್ಕೈದು ಮಂದಿ ಪಾಠ ಬಿಟ್ಟರು, ತಿಂಗಳಿಗೆ ಹತ್ತು ಸಾವಿರ ರೂಪಾಯಿಯಷ್ಟು ಆದಾಯ ಕೈತಪ್ಪಿತು. ಹಳೆಯ ಮುದ್ರಣಗಳಿಗೆ ಹಕ್ಕಿನ ತೊಡಕಿಲ್ಲವಾದ್ದರಿಂದ ಖರ್ಚಾದದ್ದು ಕಾಗದ, ಬೈಂಡಿಂಗಿಗೆ ಮಾತ್ರ, ಸುಮಾರು ಎರಡು ಸಾವಿರ. ಆಮೇಲೆ ಓಪಸ್ 50ರ 25 ಸುಲಭ ಎಟ್ಯೂಡ್‌ಗಳಿಂದ ಆರಂಭಿಸಿ, ಮಧ್ಯಮ ಮಟ್ಟದ ಓಪಸ್ 42ರ 20ರಲ್ಲಿ ಆರಿಸಿದವನ್ನು ದಾಟಿಸಿ ಮೇಲಕ್ಕೆ ಒಯ್ದಾಗ ಕೆಲಸ ಹದಕ್ಕೆ ಬಂತು. ಎಫ್ ಶಾರ್ಪ್ ಮೈನರ್ ಎಟ್ಯೂಡನ್ನು ಮೊದಲು ಪೆಡಲ್ ಇಲ್ಲದೆ, ಎಡಗೈಯೊಂದನ್ನೇ ಅರ್ಧ ವೇಗದಲ್ಲಿ ನುಡಿಸಿ, ಮೇಲಿನ ರಾಗವನ್ನು ಬಾಯಲ್ಲಿ ಹಾಡಬೇಕು. ದನಿ ಜಾರಿದರೆ ಆ ಸಾಲನ್ನು ಮತ್ತೆ ಮೊದಲಿನಿಂದ ಹಿಡಿಯಬೇಕು. ಹೆಬ್ಬೆರಳಿನ ಭಾರ ಇಳಿಸಲು ನಾನು ಕಂಡುಕೊಂಡ ಕ್ರಮವನ್ನು ಮಾತ್ರ ಎದುರು ಕುಳಿತವರಿಗಷ್ಟೇ ತೋರಿಸುತ್ತೇನೆ.

ಈ ನಡುವೆ ಫರಾಂಕ್ ಅವರ ಇ ಫ್ಲಾಟ್ ನೊನೆಟ್‌ನ (ಒಂಬತ್ತು ವಾದ್ಯಗಳ ಕೃತಿಯ) ಮೊದಲ ಭಾಗವನ್ನು ಪಿಯಾನೊದಲ್ಲಿ ನಾಲ್ಕು ಕೈಗಳಿಗೆ ಇಳಿಸಿ ನೋಡಿದೆ. ಗಾಳಿವಾದ್ಯಗಳ ಉಸಿರಿನ ಬಿಡುವು ಕೀಲಿಗಳಲ್ಲಿ ಬರಲೇ ಇಲ್ಲ, ಆದರೆ ಒಂಬತ್ತು ವಾದ್ಯಗಳಿಗೆ ಸಮನಾಗಿ ಮಾತು ಹಂಚಿದ ಅವರ ಕೈಚಳಕ ಅರ್ಥವಾಯಿತು. 1842ರಿಂದ ಕನ್ಸರ್ವೇಟರಿಯಲ್ಲಿ ಪಿಯಾನೊ ಪ್ರಾಧ್ಯಾಪಕಿಯಾಗಿದ್ದರೂ ಪುರುಷರಿಗಿಂತ ಕಡಿಮೆ ಸಂಬಳ ಪಡೆಯುತ್ತಿದ್ದ ಅವರು, 1850ರಲ್ಲಿ ಇದೇ ಕೃತಿ ಯಶಸ್ಸು ಕಂಡ ಬಳಿಕ ನಿರ್ದೇಶಕ ಓಬೇರ್ ಅವರಿಗೆ ಪತ್ರ ಬರೆದು ಸಮಾನ ಸಂಬಳ ಗಿಟ್ಟಿಸಿಕೊಂಡರು. ವಿದ್ಯಾರ್ಥಿನಿಯರಿಗೆ ಇದನ್ನು ನಾನು ಪಾಠದ ಭಾಗವಾಗಿಯೇ ಹೇಳುತ್ತೇನೆ. ಬಿಟ್ಟುಹೋದವರಲ್ಲಿ ಇಬ್ಬರು ಮರಳಿದ್ದಾರೆ. ಈ ಬೇಸಿಗೆಯಲ್ಲಿ ಅವರಿಗೂ ಓಪಸ್ 50ರಿಂದಲೇ ಪಾಠ.