ಕೌರವನನ್ನೇ ನಾಯಕ ಮಾಡಿದ ಕಾಮಿಕ್ಸ್: ಮೂರನೇ ಸಲಕ್ಕೆ ಕೈಹಿಡಿದದ್ದು

ಕೌರವ ನಾಯಕನಾದರೆ ಕಾಮಿಕ್ಸ್ ಓಡುವುದಿಲ್ಲ ಎಂದವರು ಹಾಸನದಲ್ಲಿ ಒಬ್ಬಿಬ್ಬರಲ್ಲ. ನನ್ನ ಮೊದಲೆರಡು ಕರಡಿನ ಮಟ್ಟಿಗೆ ಅವರ ಮಾತು ನಿಜವೇ. ಮೂರನೆಯದು 500 ಪ್ರತಿ ಅಚ್ಚಾಗಿ, ಉಳಿದಿರುವುದು ನಲವತ್ತರ ಆಸುಪಾಸು. ಅದಕ್ಕೇ ಬರೆಯುವ ಧೈರ್ಯ.

ಮೊದಲ ಕರಡನ್ನು ಕೆಡಿಸಿದ್ದು ಅತಿಯಾದ ಒಳ್ಳೆಯತನ. ದ್ಯೂತಸಭೆಯನ್ನು ಹಾರಿಸಿ, ತಪ್ಪನ್ನೆಲ್ಲ ಶಕುನಿಯ ತಲೆಗೆ ಕಟ್ಟಿದ್ದೆ. ‘ಇವನ್ಯಾರೋ ಧರ್ಮರಾಯನ ತಮ್ಮ’ ಎಂದರು ಓದಿದವರು. ಎರಡನೆಯದರಲ್ಲಿ ಬಾಲ್ಯದ ಅವಮಾನಕ್ಕೇ ಆರು ಪುಟ ಹೋಯಿತು. ಕನಿಕರ ಹುಟ್ಟಿತು, ಗೌರವ ಹುಟ್ಟಲಿಲ್ಲ. ಮೂರನೆಯದರಲ್ಲಿ ಬಾಲ್ಯಕ್ಕೆ ಮೂರೇ ಚೌಕ. ಸಭೆ ಮೂರನೇ ಪುಟದಲ್ಲೇ ಬರುತ್ತದೆ: ಪುಟಕ್ಕೆಲ್ಲ ಒಂದೇ ಚಿತ್ರ, ಅವನು ತೊಡೆ ತೋರಿಸುತ್ತಿದ್ದಾನೆ, ನೆಪ ಹೇಳುವ ಬಲೂನ್ ಒಂದೂ ಇಲ್ಲ. ಕೊನೆಯ ಪುಟದಲ್ಲಿ ಅದೇ ಕೋನ, ಅದೇ ತೊಡೆ, ಮುರಿದಿರುವುದು.

ಅಪರಾಧವನ್ನು ಮುಚ್ಚಬೇಡಿ, ಛಲವನ್ನು ತೋರಿಸಿ. ಆ ಛಲದಿಂದ ನಷ್ಟವಾಗಬೇಕಾದದ್ದೂ ಅವನಿಗೇ. ಕರ್ಣ, ದುಶ್ಶಾಸನರನ್ನು ಕೊಂದವರೊಡನೆ ಸಂಧಿ ಇಲ್ಲ ಎಂಬ ಹಟವೇ ನನ್ನ ಕಥೆಯ ಬೆನ್ನೆಲುಬು. ರನ್ನನ ‘ಗದಾಯುದ್ಧ’ದ ಕೌರವ ರಣರಂಗದಲ್ಲಿ ಅಭಿಮನ್ಯುವಿನ ಹೆಣದ ಮುಂದೆ ನಿಂತು ಶತ್ರುವಿನ ಮಗನನ್ನು ಹೊಗಳುತ್ತಾನಲ್ಲ, ಆ ಪುಟಕ್ಕೆ ನಾನು ಮಾತೇ ಹಾಕಲಿಲ್ಲ; ಬರೀ ಕೈಮುಗಿದ ಬೆರಳು. ಒಂದು ಎಚ್ಚರಿಕೆ: ಭೀಮನನ್ನು ಪುಂಡನಂತೆ ಬರೆದರೆ ಕೌರವ ದೊಡ್ಡವನಾಗುವುದಿಲ್ಲ, ಇಬ್ಬರೂ ಸಣ್ಣವರಾಗುತ್ತಾರೆ. ಅದಕ್ಕೆ ಎಂಟು ಪುಟ ಹರಿದೆ.

ಮೈಕಟ್ಟಿಗೆ ಹಳೇಬೀಡೇ ಮಾದರಿ. ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಕೈಲಾಸ ಎತ್ತುವ ರಾವಣನಿದ್ದಾನೆ; ಭಾರ ಹೊತ್ತ ಮೈಯ ಬಿಗಿಯನ್ನು ಅಲ್ಲಿಂದ ಎತ್ತಿದೆ. ಮುಖಕ್ಕೆ ಯಕ್ಷಗಾನದ ತೆಂಕುತಿಟ್ಟು: ಅಲ್ಲಿ ಕೌರವನ ಮುಖಕ್ಕೆ ರಾಕ್ಷಸನ ಬಿಳಿ ಚುಕ್ಕೆಗಳ ಚಿಟ್ಟಿ ಇಡುವುದಿಲ್ಲ, ಕಿರೀಟ ಕಟ್ಟುತ್ತಾರೆ. ಹುಬ್ಬಿನ ಗೆರೆಯನ್ನು ಎಲ್ಲಿ ನಿಲ್ಲಿಸಿದರೆ ಸಿಟ್ಟು ಹಮ್ಮಾಗುತ್ತದೆ ಎಂಬುದು ನನ್ನಲ್ಲೇ ಇರಲಿ.

ನಡುವೆ ಒಂದು ಅಡ್ಡದಾರಿ ಹಿಡಿದೆ. 1962ರಲ್ಲಿ ಹುಟ್ಟಿದ ಮಾರ್ವೆಲ್‌ನ ಕಾಮಿಕ್ಸ್ ಖಳ ಡಾಕ್ಟರ್ ಡೂಮ್, ಲ್ಯಾಟ್ವೇರಿಯಾ ಎಂಬ ಕಲ್ಪಿತ ದೇಶದ ದೊರೆ. ಮುಖಕ್ಕೆ ಲೋಹದ ಮುಖವಾಡ, ಆದರೂ ಹಮ್ಮು ಎದ್ದು ಕಾಣುತ್ತದೆ. ಹೇಗೆಂದು ನಾಲ್ಕು ಪುಟ ನಕಲು ತೆಗೆದು ನೋಡಿದೆ. ಕೆಲಸವೆಲ್ಲ ಕೈ, ಕತ್ತು, ನಿಲುವಂಗಿಯ ಮಡಿಕೆಗಳದ್ದು. ಆಮೇಲೆ ಕೌರವನ ಮುಖದ ಗೆರೆಗಳನ್ನು ಅರ್ಧಕ್ಕಿಳಿಸಿದೆ.

ಹೆಚ್ಚು ಕಾಡಿದ್ದು ಕೌರವ ಅಡಗಿ ಕೂರುವ ಕೊಳದ ದೃಶ್ಯ. ನೀರೊಳಗಿದ್ದೂ ಬೆವರಿದ ಎಂದು ರನ್ನ ಹೇಳಿಬಿಟ್ಟ, ಬರೆಯುವುದು ಹೇಗೆ? ಬೆವರಿನ ಹನಿ ಹಾಕಿದರೆ ನೀರಿನ ಗುಳ್ಳೆಯಂತೆ ಕಂಡಿತು. ಕೊನೆಗೆ ನೀರಿನ ಗೆರೆಗಳನ್ನು ಮೈಯಿಂದ ನೂಲಿನಷ್ಟು ದೂರದಲ್ಲಿ ನಿಲ್ಲಿಸಿ, ಆ ಬಿಳಿಯಲ್ಲಿ ಕಪ್ಪು ಅಂಚಿನ ಹನಿಗಳನ್ನು ಕೆಳಮುಖವಾಗಿ, ಗುಳ್ಳೆಗಳನ್ನು ಮೇಲ್ಮುಖವಾಗಿ ಇಟ್ಟೆ. ಎರಡೂ ಬೇರೆಯಾದವು. ಇದನ್ನು ಸಕಲೇಶಪುರದ ಮಳೆಗಾಲದಲ್ಲಿ ಮಾಡಹೋಗಬೇಡಿ. ಹಾಳೆ ತೇವ ಕುಡಿದು ಶಾಯಿ ಒಡೆಯುತ್ತದೆ. ಹಾಳೆಯನ್ನು ಬಲ್ಬಿನ ಕೆಳಗೆ ಅರ್ಧ ಗಂಟೆ ಇಟ್ಟೇ ಕುಂಚ ಮುಟ್ಟಿಸಿ.

ಅಕ್ಷರದ ವಿಷಯ. ಇಂಗ್ಲಿಷಿನ ಮೊಟ್ಟೆಯಾಕಾರದ ಬಲೂನಿಗೆ ನಮ್ಮ ಉದ್ದನೆಯ ಪದ ಕೂರುವುದಿಲ್ಲ, ಮೂಲೆ ದುಂಡಗಿರುವ ಆಯತವೇ ಸರಿ. 12 ಪಾಯಿಂಟ್ ಅಕ್ಷರಕ್ಕೆ ಸಾಲಿನ ಅಂತರ 17 ಇರಲಿ, ಇಲ್ಲದಿದ್ದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಬಲೂನಿಗೆ ಹದಿನಾಲ್ಕು ಪದ ದಾಟಿಸಬೇಡಿ. ಪ್ರೆಸ್ಸಿನ ಹಳೆಯ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ತೆರೆದಾಗ ಒತ್ತುಗಳೆಲ್ಲ ಚದುರಿ, 50 ಪ್ರಾಯೋಗಿಕ ಪ್ರತಿ ರದ್ದಿಗೆ ಹೋದವು. ಮೂರೂವರೆ ಸಾವಿರ ನೀರಲ್ಲಿ ಹೋಮ. ಅಕ್ಷರವನ್ನು ಕರ್ವ್ಸ್ ಮಾಡಿಯೇ, ಅಂದರೆ ಚಿತ್ರದ ಗೆರೆಯಾಗಿ ಬದಲಿಸಿಯೇ, ಪಿಡಿಎಫ್ ಕೊಡಿ. ಗೆರೆಯ ಸ್ಕ್ಯಾನ್ 600 ಡಿಪಿಐ.

ಒಳಪುಟ 28. ನಡುವೆ ಪಿನ್ನು ಹೊಡೆಯುವ ಪುಸ್ತಕಕ್ಕೆ ನಾಲ್ಕರಿಂದ ಭಾಗವಾಗುವಷ್ಟು ಪುಟ ಬೇಕೆಂದು ಎರಡು ಪುಟ ಎಳೆದು ತುಂಬಿಸಿದ್ದೇನೆ, ಹುಡುಕಿದರೆ ಗೊತ್ತಾಗುತ್ತದೆ. 80 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದದಲ್ಲಿ ಕೊಳದ ಕಪ್ಪು ಹಿಂಬದಿಗೆ ಇಣುಕಿತು. ಕಾಗದದ ತೂಕ 100ಕ್ಕೆ ಏರಿಸಿದ್ದಕ್ಕೆ ಎರಡೂವರೆ ಸಾವಿರ ಹೆಚ್ಚು. ಅಚ್ಚಿನ ಒಟ್ಟು ಖರ್ಚು ಹತ್ತೊಂಬತ್ತು ಸಾವಿರದ ಹತ್ತಿರ, ಬೆಲೆ 60 ರೂಪಾಯಿ. ಹೆಚ್ಚಿನವು ಕೈಯಿಂದ ಕೈಗೆ ಹೋದದ್ದರಿಂದ ಅಸಲು ಬಂತು. ಮೇಲೆ ಉಳಿದದ್ದರಲ್ಲಿ ಶಾಯಿ, ಕುಂಚ ಕೊಂಡಿದ್ದೇನೆ.