ಕಡಲು ಒರಟಾಗಿರುವ ದಿನ ಬಂದರಿನೊಳಗಿಂದ ಫ್ಲೈಯಿಂಗ್ ಬೋಟ್ ಹಾರಿಸುವುದು

ಫ್ಲೈಯಿಂಗ್ ಬೋಟ್ ಎಂದರೆ ದೋಣಿಯಂಥ ಒಡಲಿನ (ಹಲ್) ಮೇಲೆ ನೀರಿನಲ್ಲಿ ತೇಲುವ ವಿಮಾನ. ಮೊದಲ ಕೆಲಸ ಅದರೊಳಗಿನ ನೀರು ತೆಗೆಯುವುದು. ಹಲ್‌ನ ಕೋಣೆಗಳನ್ನೂ ರೆಕ್ಕೆತುದಿಯ ತೇಲುಡಬ್ಬಿಗಳಾದ ಫ್ಲೋಟ್‌ಗಳನ್ನೂ ಪಂಪ್ ಹಾಕಿ ಬರಿದು ಮಾಡಿ. 50 ಲೀಟರ್ ಉಳಿದರೂ 50 ಕೆಜಿಗಿಂತ ಹೆಚ್ಚು ಭಾರ. ಅದಕ್ಕಿಂತ ಕೆಟ್ಟದ್ದೆಂದರೆ, ಮೂತಿ ಎದ್ದ ಕೂಡಲೇ ಆ ನೀರು ಹಿಂದಕ್ಕೆ ಹರಿದು ತೂಕದ ಸಮತೋಲವನ್ನೇ ಕೆಡಿಸುತ್ತದೆ.

ಎಂಜಿನ್ ಚಾಲೂ ಮಾಡಿದರೆ ಬೋಟ್ ಹೊರಟೇಬಿಡುತ್ತದೆ, ಬ್ರೇಕ್ ಇಲ್ಲವಲ್ಲ. ಹಾಗಾಗಿ ಅದಕ್ಕೂ ಮುಂಚೆ ಹತ್ತು ನಿಮಿಷ ಬಂದರಿನ ಬಾಯಿಯನ್ನು ಗಮನಿಸಿ. ದೂರದಿಂದ ಬರುವ ಉದ್ದನೆಯ ಅಲೆಗಳ, ಅಂದರೆ ಸ್ವೆಲ್‌ನ ಎರಡು ಶಿಖರಗಳ ನಡುವೆ ಎಷ್ಟು ಸೆಕೆಂಡ್ ಎಂದು ಎಣಿಸಿ. ಆ ಸಂಖ್ಯೆಯ ವರ್ಗವನ್ನು 1.56ರಿಂದ ಗುಣಿಸಿದರೆ ಆಳ ನೀರಿನ ಅಲೆಯ ಉದ್ದ ಮೀಟರ್‌ನಲ್ಲಿ ಸಿಗುತ್ತದೆ: 8 ಸೆಕೆಂಡಿಗೆ ಸುಮಾರು 100 ಮೀಟರ್. ಆಳ ಕಡಿಮೆಯಾದಂತೆ ಉದ್ದ ಕುಗ್ಗಿ ಅಲೆ ಕಡಿದಾಗುತ್ತದೆ. ಇಳಿತದ ಸೆಳೆತ ಗಾಳಿಗೆ ಎದುರಾಗಿ ಹೊರಟ ಹೊತ್ತಿನಲ್ಲಂತೂ ಬಂದರಿನ ಬಾಯಿಯೇ ಅತಿ ಕೆಟ್ಟ ಜಾಗ. ಹಾರುವ ಮುನ್ನಿನ ಓಟ ಅಲೆತಡೆ ಗೋಡೆಯೊಳಗೇ ಮುಗಿಯದಿದ್ದರೆ ಹಾರಬೇಡಿ.

ಗೋಡೆಯ ತುದಿಯನ್ನು ಬಳಸಿ ಒಳಬಂದ ಸ್ವೆಲ್ ಇದ್ದರೆ ಅದರ ಸಾಲಿಗೆ ಸಮಾನಾಂತರವಾಗಿ ಓಡಿ. ಅಡ್ಡಗಾಳಿ ಮಿತಿಯೊಳಗಿದ್ದರೆ ಸಹಿಸಬಹುದು. ದೊಡ್ಡ ಅಲೆಗಳ ಗುಂಪು ದಾಟಿದ ಮೇಲೆ ಸಿಗುವ ಬಿಡುವಿನಲ್ಲಿ ಸ್ಟಿಕ್ ಪೂರ್ತಿ ಹಿಂದಕ್ಕೆಳೆದು ಥ್ರಾಟಲ್ ಕೊಡಿ. ಮೂತಿ ಕೆಳಗಿದ್ದರೆ ಎರಚುವ ನೀರು ಪ್ರೊಪೆಲರ್ ಅಂಚನ್ನು ತಿನ್ನುತ್ತದೆ. ವೇಗ ಹೆಚ್ಚಿ ಹಲ್ ತನ್ನ ತಳದ ಮೆಟ್ಟಿಲಿನ (ಸ್ಟೆಪ್) ಮೇಲೇರಿ ನೀರಿನ ಮೇಲೆ ಜಾರತೊಡಗಿದ ಬಳಿಕ ಮೂತಿ ಏರಿಳಿಯತೊಡಗಿದರೆ ಅದೇ ಪೋರ್ಪೊಯಿಸಿಂಗ್. ಆಗ ಸ್ಟಿಕ್ ಮುಂದೆ ತಳ್ಳುವ ಆಸೆ ಹುಟ್ಟುತ್ತದೆ. ತಳ್ಳಿದಿರೋ, ಕುಣಿತ ಹೆಚ್ಚುತ್ತದೆ. ಮೂತಿ ಇಳಿಯುವ ಮುನ್ನವೇ ಹಿಂದಕ್ಕೆಳೆಯಿರಿ. ಎರಡನೇ ಕುಣಿತಕ್ಕೂ ನಿಲ್ಲದಿದ್ದರೆ ಥ್ರಾಟಲ್ ಮುಚ್ಚಿ, ಸ್ಟಿಕ್ ಹಿಂದೆಯೇ ಹಿಡಿದಿರಿ.

ಇಳಿಯುವಾಗಲೂ ಸ್ವೆಲ್‌ಗೆ ಸಮಾನಾಂತರ, ಶಿಖರದ ಮೇಲೆ ಅಥವಾ ಅದರ ಬೆನ್ನಿನ ಮೇಲೆ; ನಿಮ್ಮತ್ತ ಏರಿಬರುವ ಮುಖಕ್ಕೆ ಎಂದೂ ಬೇಡ. ಆದಷ್ಟು ನಿಧಾನ ವೇಗ, ಮೂತಿ ಮೇಲೆ, ಸ್ವಲ್ಪ ಪವರ್. ಜೋರಾಗಿ ಪುಟಿದರೆ ಪೂರ್ತಿ ಪವರ್ ಕೊಟ್ಟು ಮತ್ತೊಂದು ಸುತ್ತು ಹಾಕಿ. ಜಪಾನಿನ ಫ್ಲೈಯಿಂಗ್ ಬೋಟ್ ಯುಎಸ್-2 ಮೂರು ಮೀಟರ್ ಅಲೆಯಲ್ಲೂ ಇಳಿಯುತ್ತದೆ ನಿಜ, ಆದರೆ ರೆಕ್ಕೆಯ ಮೇಲೆ ಗಾಳಿ ಊದಿ ವೇಗ ತಗ್ಗಿಸಲು ಅದಕ್ಕೆ ಪ್ರತ್ಯೇಕ ಎಂಜಿನ್ನೇ ಇದೆ.

ಗಾಳಿ ಜೋರಿದ್ದರೆ ಬೋಟ್ ಕಟ್ಟಿನಿಲ್ಲಿಸುವ ತೇಲುಗುಂಡಿನತ್ತ (ಬೋಯಾ) ಹೋಗಲು ಗಾಳಿಗೆ ಬೆನ್ನು ತಿರುಗಿಸಬೇಡಿ. ತಿರುವಿನಲ್ಲಿ ರೆಕ್ಕೆ ಎದ್ದು ಮಗುಚಬಹುದು. ಮೂತಿ ಗಾಳಿಗಿಟ್ಟು, ಎಂಜಿನ್ ಐಡಲ್‌ನಲ್ಲಿಟ್ಟು ಹಿಂದಕ್ಕೆ ತೇಲಲು ಬಿಡಿ. ಬೋಯಾ ಇಲ್ಲದೆ ಲಂಗರು ಹಾಕುವುದಾದರೆ ಹಗ್ಗ ಆಳದ 7 ಪಟ್ಟು ಇರಲಿ. ದಡಕ್ಕೆ ಬಂದ ದಿನವೇ ಸಿಹಿನೀರಿನಿಂದ ತೊಳೆಯಿರಿ, ಕಂಟ್ರೋಲ್‌ಗಳ ಕೀಲುಗಳನ್ನು ಮರೆಯದೆ.